ಇಪ್ಪತ್ತಕ್ಕೆ ಹತ್ತೊಂಬತ್ತು

ಮಾರ್ಚ್ 3, ಸೋಮವಾರ

ಮಹಾರಾಣಿ ಇವತ್ತು ಕಿವಿ ಹಾಕಿಕೊಂಡು ಬಂದಳು.

ಮಹಾರಾಣಿ ಅಂದರೆ ಏಳನೇ ಯಂತ್ರದವಳು. ಹತ್ತೊಂಬತ್ತು ವರ್ಷದಿಂದ ನನ್ನ ಎಂಟನೇ ಯಂತ್ರದ ಎದುರಿಗೇ ನಿಂತು ತಗಡಿನ ಡಬ್ಬಿಗಳಿಗೆ ಮುಚ್ಚಳ ಒತ್ತುವವಳು. ನಡುವೆ ಎರಡು ಮಾರು ಜಾಗ, ಒಂದು ಎಣ್ಣೆ ಡ್ರಮ್ಮು, ಅಷ್ಟೇ. ಅವಳ ಯಂತ್ರ ನಿಮಿಷಕ್ಕೆ ನಲವತ್ತು ಸಲ ಬಡಿಯುತ್ತದೆ, ನನ್ನದೂ ನಲವತ್ತು ಸಲ. ಅದೇ ಷೆಡ್ಡು, ಅದೇ ಸದ್ದು, ಅದೇ ವರ್ಷಗಳು. ಇಬ್ಬರ ಕಿವಿಯೂ ಜೊತೆಜೊತೆಗೇ ಹೋದವು. ಹೋಗುವಾಗ ಜೊತೆಗೆ ಹೋದದ್ದು ವಾಪಸು ಬರುವಾಗ ಮಾತ್ರ ಅವಳೊಬ್ಬಳ ಮನೆಗೆ ಬಂದಿದೆ.

ಎರಡೂ ಕಿವಿಯ ಹಿಂದೆ ಗೋಡಂಬಿಯಷ್ಟು ದೊಡ್ಡದೊಂದು ಬೂದು ಯಂತ್ರ. ಅದರಿಂದ ಕೂದಲಿನಂಥ ತಂತಿ, ತುದಿಗೆ ರಬ್ಬರಿನ ಮೊಗ್ಗು. ಎಲ್ಲರಿಗೂ ಕಾಣಲಿ ಅಂತ ಕೂದಲನ್ನು ಎತ್ತಿ ಕಟ್ಟಿದ್ದಾಳೆ. ಅಳಿಯನ ಕಂಪನಿಯ ವಿಮೆಯಲ್ಲಿ ಅತ್ತೆಯ ಕಿವಿಗೂ ಜಾಗ ಇದೆಯಂತೆ. ನನಗಿರುವುದು ಸರ್ಕಾರಿ ಆರೋಗ್ಯ ವಿಮೆಯ ಕಾರ್ಡು. ಮೂಲೆ ಮುರಿದಿದೆ.

ಚಹಾದ ಬಿಡುವಿನಲ್ಲಿ ಸುತ್ತ ಹೆಂಗಸರನ್ನು ಕೂರಿಸಿಕೊಂಡು ಪುರಾಣ ಶುರು ಮಾಡಿದಳು. "ನಂಗೆ ಪರೀಕ್ಷೇಲಿ ಇಪ್ಪತ್ತಕ್ಕೆ ಏಳೇ ಪದ ಬಂದಿದ್ದು ಕಣ್ರೇ. ಈಗ ನೋಡಿ, ಆ ನಲ್ಲಿ ತೊಟ್ಟಿಕ್ಕೋದೂ ಕೇಳಿಸತ್ತೆ. ಅಯ್ಯೋ, ಎಷ್ಟು ಗಲಾಟೆ ಈ ಪ್ರಪಂಚ! ಕಾಗದದ ಚೀಲ ಮಡಚಿದ್ರೂ ತಲೆ ಒಳಗೆ ಗರಗಸ ಆಡಿಸಿದ ಹಾಗಾಗತ್ತೆ."

ಸಿಕ್ಕಿದ್ದೂ ಅವಳಿಗೇ, ಗೊಣಗುವ ಭಾಗ್ಯವೂ ಅವಳಿಗೇ.

ಅವಳಿಗೆ ಬಂದ ದಿನವೇ ಷೆಡ್ಡಿನ ಗೋಡೆಗೆ ನೋಟಿಸೂ ಬಂದಿದೆ. ತಿಂಗಳ ಕೊನೆಯ ದಿನ ಯಂತ್ರದ ಮೇಲಿರುವ ಎಲ್ಲರಿಗೂ ಎಚ್ಚರಿಕೆ ಗಂಟೆಯ ಪರೀಕ್ಷೆ. ಗಂಟೆ ಕೇಳಿಸದವರನ್ನು ಸುರಕ್ಷತೆಯ ದೃಷ್ಟಿಯಿಂದ ಗುಡಿಸುವ ಕೆಲಸಕ್ಕೆ ಹಾಕುತ್ತಾರೆ. ಗುಡಿಸುವವರಿಗೆ ಅರ್ಧ ಕೂಲಿ. ನಮ್ಮ ಕಿವಿ ತಿಂದು ತೇಗಿದವರೇ ಈಗ ನಿನ್ನ ಕಿವಿ ಎಲ್ಲಿ ಅಂತ ಕೇಳುತ್ತಿದ್ದಾರೆ. ಕನ್ನ ಹಾಕಿದವನು ಮಾರನೇ ದಿನ ಬಂದು ಮನೆಗೆ ಬೀಗ ಹಾಕಲು ನಿನಗೇನು ಧಾಡಿ ಅಂದ ಹಾಗೆ.

ಇನ್ನು ಇಪ್ಪತ್ತೆಂಟು ದಿನ. ಅಷ್ಟರೊಳಗೆ ನನ್ನ ಮುರುಕು ಕಾರ್ಡು ಮುಟ್ಟುವ ಒಬ್ಬ ಕಿವಿ ಡಾಕ್ಟರು ಸಿಗಬೇಕು.

ಮಾರ್ಚ್ 4, ಮಂಗಳವಾರ

ಕಾರ್ಡಿನ ಹಿಂದೆ ಅಚ್ಚು ಹಾಕಿದ್ದಾರೆ: ಶ್ರವಣ ತೊಂದರೆ ಇರುವವರು ಈ ಸಂಖ್ಯೆಗೆ ಕರೆ ಮಾಡಿ. ಕಾಲಿಲ್ಲದವರ ಕಚೇರಿಯನ್ನು ನಾಲ್ಕನೇ ಮಹಡಿಯಲ್ಲಿ ಇಟ್ಟವನೂ ಇದೇ ಪುಣ್ಯಾತ್ಮನಿರಬೇಕು.

ನಮ್ಮವರೇ ಫೋನು ಮಾಡಿದರು. ಶಾಲೆಯ ಬಸ್ಸು ಓಡಿಸಿ ಓಡಿಸಿ ಅವರಿಗೆ ತಾಳ್ಮೆ ಜಾಸ್ತಿ. ನಾನು ಎದುರಿಗೆ ಕೂತು ಅವರ ಬಾಯನ್ನೇ ನೋಡುತ್ತಿದ್ದೆ. ಮುಕ್ಕಾಲು ಗಂಟೆ ಅವರ ಬಾಯಿ ಆಡಲೇ ಇಲ್ಲ. ಆಮೇಲೆ, "ಹೇಳಿ ಮೇಡಂ. ಹೂಂ. ಬರ್ಕೊಂಡೆ." ಒಂಬತ್ತು ಹೆಸರು ಸಿಕ್ಕಿತು.

"ಒಂಬತ್ತು ಜನ ಇದ್ದಾರೆ ಕಣೇ. ಒಬ್ಬರಾದ್ರೂ ತಗೋತಾರೆ ಬಿಡು," ಅಂದರು.

"ಮಹಾರಾಣಿಗೆ ಒಂದೇ ಸಲಕ್ಕೆ ಸಿಕ್ಕಿತು."

"ಅವಳ ಸುದ್ದಿ ಯಾಕೆ ಈಗ?"

ಯಾಕೆ ಅಂದರೆ ಅವಳ ಸುದ್ದಿಯಲ್ಲದೆ ನನ್ನ ತಲೆಯಲ್ಲಿ ಇನ್ನೇನೂ ಇಲ್ಲ. ಅದನ್ನು ಅವರಿಗೆ ಹೇಳಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಮಾರ್ಚ್ 6, ಗುರುವಾರ

ಒಂಬತ್ತರಲ್ಲಿ ಆರು ಹೆಸರಿಗೆ ಗೀಟು ಬಿತ್ತು.

ಒಬ್ಬರು ಊರು ಬಿಟ್ಟು ಎರಡು ವರ್ಷವಾಯಿತು. ಒಬ್ಬರು ಮಕ್ಕಳನ್ನು ಮಾತ್ರ ನೋಡುತ್ತಾರೆ. ಒಬ್ಬರು ಪರೀಕ್ಷೆ ಮಾಡುತ್ತಾರಂತೆ, ಯಂತ್ರ ಕೊಡುವುದಿಲ್ಲವಂತೆ. ನಿನಗೆ ಕಿವುಡು ಅಂತ ಹೇಳಿ ಕಳಿಸುವುದಕ್ಕೆ ಡಾಕ್ಟರು ಯಾಕೆ, ಮನೆಯವರೇ ದಿನಕ್ಕೆ ನಾಲ್ಕು ಸಲ ಹೇಳುತ್ತಾರೆ. ಇನ್ನೊಬ್ಬರ ಕಡೆಯವಳು, "ಆ ಕಾರ್ಡು ಒಂದು ಬಿಟ್ಟು ಬೇರೆ ಯಾವುದಿದ್ರೂ ತಗೋತೀವಿ ಸಾರ್," ಅಂದಳಂತೆ. ಐದನೆಯವರು ಕಾರ್ಡಿನವರನ್ನು ಹೊಸದಾಗಿ ಸೇರಿಸಿಕೊಳ್ಳುವುದಿಲ್ಲ, ಹಳಬರು ಸತ್ತರೆ ನೋಡೋಣ ಅನ್ನುವ ಹಾಗೆ ಮಾತಾಡಿದರಂತೆ. ಆರನೇ ನಂಬರು ಒಬ್ಬ ದರ್ಜಿಯದು. "ದಿನಾ ಇಬ್ಬರು ಮೂವರು ಮಾಡ್ತಾರೆ ಸ್ವಾಮಿ. ನಂಗೆ ಅಂಗಿ ಹೊಲಿಯೋಕೆ ಬರತ್ತೆ, ಕಿವಿ ಹೊಲಿಯೋಕೆ ಬರಲ್ಲ," ಅಂದನಂತೆ. ನಮ್ಮವರು ಇದನ್ನು ಹೇಳಿ ನಕ್ಕರು. ನಾನು ನಗಲಿಲ್ಲ.

ಇವತ್ತು ಮೇಸ್ತ್ರಿ ಮಹಾರಾಣಿಯ ಹಿಂದೆ ನಿಂತು ಏನೋ ಅಂದ. ಅವಳು ತಿರುಗಿ ನೋಡದೆಯೇ ಉತ್ತರ ಕೊಟ್ಟಳು. ತಿರುಗಿ ನೋಡದೆಯೇ! ಆ ಕುತ್ತಿಗೆಯ ಗತ್ತು ನೋಡಿ ನನ್ನ ಮೈಯೆಲ್ಲ ಉರಿಯಿತು. ಕೈ ತಪ್ಪಿ ಮೂರು ಮುಚ್ಚಳ ಸೊಟ್ಟಗಾದವು.

ಮಾರ್ಚ್ 8, ಶನಿವಾರ

ಏಳನೇ ಹೆಸರಿಗೆ ನಾನೇ ಹೋದೆ. ಫೋನಿನಲ್ಲಿ ಇಲ್ಲ ಅನ್ನುವುದು ಸುಲಭ, ಮುಖ ನೋಡಿ ಅನ್ನಲಿ ಅಂತ.

ದೊಡ್ಡ ರಸ್ತೆಯ ಮೇಲೆ ಗಾಜಿನ ಬಾಗಿಲು. ನೆಲದ ಮೇಲೆ ಕಾಲಿಡಲು ನಾಚಿಕೆಯಾಗುವಷ್ಟು ಹೊಳಪು. ಗೋಡೆಯ ತುಂಬ ಬಿಳಿಗೂದಲಿನ ಅಜ್ಜಿಯರು ಕಿವಿಯಲ್ಲಿ ಯಂತ್ರ ಹಾಕಿಕೊಂಡು ನಗುವ ಪಟಗಳು. ಒಬ್ಬಳ ಕೈಯೂ ದುಡಿದ ಕೈಯಲ್ಲ. ಅವರ ಕಿವಿ ಏನು ಕೇಳಿ ಕೆಟ್ಟಿತೋ ದೇವರೇ ಬಲ್ಲ.

ಮೇಜಿನ ಹಿಂದಿನ ಹುಡುಗಿ ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು ವಾಪಸು ಕೊಟ್ಟಳು. "ನಾವು ಇದನ್ನ ತಗೊಳ್ಳಲ್ಲ ಆಂಟಿ."

"ಪಟ್ಟೀಲಿ ನಿಮ್ಮ ಹೆಸರಿದೆಯಲ್ಲಮ್ಮ?"

"ಪಟ್ಟಿ ಹಳೇದು."

"ಹೊಸ ಪಟ್ಟಿ ಯಾರ ಹತ್ರ ಇದೆ?"

ಅವಳು ಭುಜ ಹಾರಿಸಿದಳು. ಹೆಗಲು ಕುಣಿಸುವುದಕ್ಕೂ ಸಂಬಳ ಕೊಡುತ್ತಾರೆ ಅಲ್ಲಿ.

ಇನ್ನೇನು ಹೊರಡಬೇಕು, ಒಳಗಿನ ಬಾಗಿಲು ತೆರೆಯಿತು. ಮಹಾರಾಣಿ! ಯಂತ್ರದ ಸದ್ದು ಹದ ಮಾಡಿಸಿಕೊಳ್ಳಲು ಬಂದಿದ್ದಳು. ನಾನು ಎತ್ತರದ ಹೂಕುಂಡದ ಹಿಂದೆ ಸರಿದೆ. ಅದೇ ಹುಡುಗಿ ಎದ್ದು ನಿಂತು, "ಹೇಗಿದೆ ಆಂಟಿ, ಆರಾಮಾಯ್ತಾ? ನೀರು ಕುಡಿತೀರಾ?" ಅಂದಳು. ನಾನೂ ಆಂಟಿ, ಅವಳೂ ಆಂಟಿ. ನನಗೆ ಮಾತ್ರ ನೀರಿಲ್ಲ.

ಐವತ್ತು ವರ್ಷದ ಹೆಂಗಸು, ಹೂಕುಂಡದ ಹಿಂದೆ ಅವಿತು ಇನ್ನೊಬ್ಬಳು ನೀರು ಕುಡಿಯುವುದನ್ನು ನೋಡುತ್ತಿದ್ದೆ. ಆ ಗಾಜಿಗೆಲ್ಲ ಒಂದೊಂದು ಕಲ್ಲು ಬೀಸಬೇಕು ಅನ್ನಿಸಿತು. ಮೊದಲನೇ ಕಲ್ಲು ಯಾರಿಗೆ ಅಂತ ಕೇಳಿದ್ದರೆ ವಿಮೆಯವರಿಗೆ ಅನ್ನುತ್ತಿದ್ದೆ. ನಿಜವಾಗಿ ಅವಳಿಗೇ.

ಬರುವಾಗ ಎಂಟನೇ ಹೆಸರಿನ ವಿಳಾಸಕ್ಕೂ ಹೋದೆ. ಕಬ್ಬಿಣದ ಬಾಗಿಲು ಎಳೆದಿತ್ತು. ತುಕ್ಕು.

ಮಾರ್ಚ್ 13, ಗುರುವಾರ

ನಾಲ್ಕು ದಿನ ಬರೆದಿಲ್ಲ. ಬರೆಯುವುದಕ್ಕೆ ಏನೂ ಇರಲಿಲ್ಲ. ಇವತ್ತು ಇದೆ.

ನಮ್ಮ ಷೆಡ್ಡಿನಲ್ಲಿ ಯಂತ್ರ ಓಡುವಾಗ ಯಾರೂ ಗಂಟಲು ಬಳಸುವುದಿಲ್ಲ. ತುಟಿ ಆಡಿಸುತ್ತೇವೆ, ಕೈ ಆಡಿಸುತ್ತೇವೆ. ಮದುವೆ ಮಾತುಕತೆ, ಮೇಸ್ತ್ರಿಯ ಅಣಕ, ಹಲ್ಲುನೋವಿನ ಮದ್ದು, ಎಲ್ಲವೂ ಸದ್ದಿಲ್ಲದೆ ಆ ಗದ್ದಲದ ನಡುವೆ ದಾಟಿಹೋಗುತ್ತವೆ. ಹೊಸಬರಿಗೆ ಆರು ತಿಂಗಳು ಬೇಕು ಕಲಿಯಲು. ನಮಗೆ ಅದು ಉಸಿರಾಟದ ಹಾಗೆ.

ಇವತ್ತು ಊಟದ ಬಿಡುವಿಗೆ ಮುಂಚೆ ಷೆಡ್ಡಿನ ಆ ತುದಿಯಲ್ಲಿ ಮಹಾರಾಣಿ ಮೇಸ್ತ್ರಿಯ ಜೊತೆ ಮಾತಾಡುತ್ತಿದ್ದಳು. ಅವನ ಬೆನ್ನು ನನಗೆ, ಅವಳ ಮುಖ ನನಗೆ. ಅವಳ ತುಟಿ ಸ್ಪಷ್ಟವಾಗಿ ಕಂಡಿತು: "ಎಂಟನೇ ಮಿಷನ್ನಿನವಳಿಗೆ ಏನೂ ಕೇಳಿಸಲ್ಲ ಸಾರ್." ಅಷ್ಟರಲ್ಲಿ ಯಾರೋ ತಗಡಿನ ಗಾಡಿ ತಳ್ಳಿಕೊಂಡು ಅಡ್ಡ ಬಂದರು.

ಆರು ವರ್ಷದ ಹಿಂದೆ ನನ್ನ ತೋಳು ಯಂತ್ರದ ಪಟ್ಟಿಗೆ ಸಿಕ್ಕಿತ್ತು. ಎಚ್ಚರಿಕೆ ಗಂಟೆ ಹೊಡೆದುಕೊಂಡಿತಂತೆ, ಒಂದು ನರಪಿಳ್ಳೆಗೂ ಕೇಳಿಸಲಿಲ್ಲ. ನನ್ನ ಮುಖ ನೋಡಿ ಹಾರಿ ಬಂದು ಸ್ವಿಚ್ಚು ಆರಿಸಿದವಳು ಅವಳು. ಅವಳೇ ಈಗ ನನ್ನನ್ನು ಪೊರಕೆ ಹಿಡಿಸಲು ಮೇಸ್ತ್ರಿಗೆ ಚಾಡಿ ಹೇಳುತ್ತಿದ್ದಾಳೆ. ಕಿವಿ ಬಂದ ಕೂಡಲೇ ಜಾತಿ ಬದಲಾಯಿತು ಅವಳದು. ಈಗ ಅವಳು ಕೇಳಿಸುವವರ ಕಡೆ.

ಮಧ್ಯಾಹ್ನವೆಲ್ಲ ಅವಳ ಕಡೆ ನೋಡಲಿಲ್ಲ. ಎದುರಿಗಿರುವವರನ್ನು ನೋಡದೆ ನಿಲ್ಲುವುದು ಎಷ್ಟು ಕಷ್ಟ ಅಂದರೆ ಕತ್ತು ನೋಯುತ್ತಿದೆ.

ಮಾರ್ಚ್ 14, ಶುಕ್ರವಾರ

ಕದ್ದೆ.

ಕೈತೊಳೆಯುವ ತೊಟ್ಟಿಯ ಅಂಚಿನ ಮೇಲೆ ಅವಳ ಪುಟ್ಟ ಡಬ್ಬಿ ಇತ್ತು. ಮುಖಕ್ಕೆ ನೀರು ಹಾಕಿಕೊಳ್ಳುವಾಗ ಯಂತ್ರಗಳನ್ನು ತೆಗೆದು ಅದರಲ್ಲಿಡುತ್ತಾಳೆ. ಅವಳು ಮುಖಕ್ಕೆ ಸಾಬೂನು ಹಚ್ಚಿ ಕಣ್ಣು ಮುಚ್ಚಿದ್ದಳು. ನಾನು ಡಬ್ಬಿ ಎತ್ತಿಕೊಂಡು ಪಾಯಿಖಾನೆಯ ಒಳಗೆ ಹೋಗಿ ಚಿಲಕ ಹಾಕಿದೆ. ಮಲದ ಗುಂಡಿಗೆ ಹಾಕಿ ನೀರು ಬಿಡಬೇಕು ಅಂತಲೇ ಒಳಗೆ ಹೋದದ್ದು. ಇಲ್ಲಿ ಸುಳ್ಳು ಬರೆಯುವುದಿಲ್ಲ.

ಅದಕ್ಕೂ ಮೊದಲು ಒಂದನ್ನು ಕಿವಿಗೆ ಸಿಕ್ಕಿಸಿಕೊಂಡೆ.

ನನ್ನ ಉಸಿರು! ಅಷ್ಟು ಜೋರಾಗಿ ಉಸಿರಾಡುತ್ತೇನೆ ಅಂತ ನನಗೆ ಗೊತ್ತೇ ಇರಲಿಲ್ಲ. ಏಪ್ರನ್ನು ಗೋಡೆಗೆ ಉಜ್ಜಿದ ಸದ್ದು. ಎಲ್ಲೋ ಮೇಲೆ ಕೊಳವೆಯಲ್ಲಿ ನೀರು ಗೊಳಗೊಳ. ಆಮೇಲೆ ಹೊರಗಿನಿಂದ ಒಂದು ದನಿ: "ಇಲ್ಲೇ ಇಟ್ಟಿದ್ದೆ ಕಣ್ರೇ, ಯಾರಾದ್ರೂ ನೋಡಿದ್ರಾ?"

ಯಾರು ಈ ಮುದುಕಿ ಅಂದುಕೊಂಡೆ. ಅದು ಅವಳು. ಹತ್ತು ವರ್ಷದಿಂದ ಅವಳ ತುಟಿ ಮಾತ್ರ ನೋಡುತ್ತಿದ್ದೇನೆ, ದನಿಯನ್ನು ನಾನೇ ಹಾಕಿಕೊಳ್ಳುತ್ತಿದ್ದೆ. ನಾನು ಹಾಕುತ್ತಿದ್ದದ್ದು ಹಳೆಯ ದನಿ. ಕೆಲಸಕ್ಕೆ ಸೇರಿದ ವರ್ಷ ಷೆಡ್ಡಿನ ಸೂರು ಹಾರುವ ಹಾಗೆ ನಗುತ್ತಿದ್ದಳಲ್ಲ, ಆ ದನಿ. ಹೊರಗಿನದು ಅದಲ್ಲ. ಬಿರುಕು ಬಿಟ್ಟ, ಗಾಬರಿ ಬಿದ್ದ ದನಿ.

ನನ್ನ ದನಿಯೂ ಹಾಗೇ ಆಗಿರಬೇಕು. ಅದನ್ನು ಕೇಳಲು ಧೈರ್ಯ ಬರಲಿಲ್ಲ. ಬಾಯಿ ಬಿಗಿದುಕೊಂಡೆ.

ಹೊರಗೆ ಬಂದು ಡಬ್ಬಿ ಕೊಟ್ಟೆ. "ಕೆಳಗೆ ಬಿದ್ದಿತ್ತು."

ಅವಳು ಡಬ್ಬಿ ತೆರೆದು ನೋಡಿದಳು. ನನ್ನನ್ನು ನೋಡಿದಳು. "ದೇವರು ಬಂದ ಹಾಗೆ ಬಂದೆ ತಾಯಿ," ಅಂದಳು.

ಹೊಟ್ಟೆಕಿಚ್ಚು ಕಡಿಮೆಯಾಗಿಲ್ಲ. ಮೊದಲು ಏನು ಕಳೆದುಕೊಂಡಿದ್ದೇನೆ ಅಂತ ತಿಳಿಯದೆ ಉರಿಯುತ್ತಿದ್ದೆ, ಈಗ ತಿಳಿದು ಉರಿಯುತ್ತಿದ್ದೇನೆ.

ಮಾರ್ಚ್ 18, ಮಂಗಳವಾರ

ಒಂಬತ್ತನೆಯವರು ತಗೋತಾರೆ!

ನಮ್ಮವರು ಬಸ್ಸು ನಿಲ್ಲಿಸಿ ಬರುವಾಗ ತಾವೇ ಹುಡುಕಿಕೊಂಡು ಹೋಗಿದ್ದರು. ಸರ್ಕಾರಿ ಆಸ್ಪತ್ರೆಯ ಹಿಂದೆ, ಸೈಕಲ್ ರಿಪೇರಿ ಅಂಗಡಿಯ ಮೇಲೆ. ಫಲಕ ಕೂಡ ಇಲ್ಲ. ಕಾರ್ಡು ತೋರಿಸಿದರೆ, "ಗುರುವಾರ ಬನ್ನಿ," ಅಂದರಂತೆ. ಒಂದೇ ಮಾತು. ನಮ್ಮವರು ನಂಬದೆ ಇನ್ನೊಂದು ಸಲ ಕೇಳಿದರಂತೆ.

"ನಿಮಗೂ ಕಿವಿ ಪರೀಕ್ಷೆ ಮಾಡಬೇಕಾ ಅಂತ ಬೈದ್ರು ಕಣೇ," ಅಂದರು. ಇವತ್ತು ನಕ್ಕೆ.

ಮಾರ್ಚ್ 20, ಗುರುವಾರ

ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಮೆಟ್ಟಿಲ ಮೇಲೆಲ್ಲ ಜನ. ಗಾರೆಯವರು, ಗಿರಣಿಯವರು, ಕಲ್ಲು ಒಡೆಯುವವರು. ಇಡೀ ಊರಿನ ಕಾರ್ಡುಗಳೆಲ್ಲ ಈ ಒಂದು ಕೋಣೆಗೇ ಬಂದು ಬೀಳುತ್ತವೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಕಣ್ಣ ಕೆಳಗೆ ಕಪ್ಪು. ಹೊರಗಿನ ಸದ್ದು ಒಳಗೆ ಬಾರದ ಪೆಟ್ಟಿಗೆಯಂಥ ಕೋಣೆ ಒಂದಿದೆ, ಅದರೊಳಗೆ ಕೂರಿಸಿ ಯಂತ್ರದಲ್ಲಿ ಅಳೆಯುತ್ತಾರಂತೆ. ಅಲ್ಲಿಗೆ ಹೋಗಬೇಕಾದರೆ ಮೊದಲು ಪದಗಳ ಪರೀಕ್ಷೆ ದಾಟಬೇಕು.

"ನಾನು ಮೆಲ್ಲಗೆ ಇಪ್ಪತ್ತು ಪದ ಹೇಳ್ತೀನಿ. ನೀವು ಹಾಗೇ ಹೇಳಿ ಅಮ್ಮ."

ಇಪ್ಪತ್ತು! ತಕ್ಷಣ ನೆನಪಾಯಿತು, ಮಹಾರಾಣಿಗೆ ಬಂದದ್ದು ಏಳು. ನನ್ನೊಳಗೆ ಏನೋ ಎದ್ದು ನಿಂತಿತು. ಏಳು ದಾಟುತ್ತೇನೆ ನೋಡು ಅಂದುಕೊಂಡೆ. ಶಾಲೆಯಲ್ಲಿ ಮುಂದಿನ ಬೆಂಚಿಗೆ ಹೋಗಿ ಕೂತ ಹಾಗೆ ಕುರ್ಚಿಯನ್ನು ಒಂದಿಷ್ಟು ಮುಂದಕ್ಕೆ ಎಳೆದುಕೊಂಡೆ. ಕಿಟಕಿಯ ಬೆಳಕು ಡಾಕ್ಟರಮ್ಮನ ಬಾಯಿಯ ಮೇಲೇ ಬೀಳುತ್ತಿತ್ತು. ಅಚ್ಚುಕಟ್ಟಾದ ತುಟಿ.

ಮೇಜು. ಹಗ್ಗ. ಬೆಳಕು. ಕಪಾಟು. ನಾನು ಪಟಪಟ ಹೇಳಿದೆ. ಅವಳು ಕೆಮ್ಮಲು ಬಗ್ಗಿದಾಗ ಒಂದು ತಪ್ಪಿತು. ಒಟ್ಟು ಹತ್ತೊಂಬತ್ತು.

ಹತ್ತೊಂಬತ್ತು! ಮಹಾರಾಣಿಗೆ ಏಳು! ಆ ಕ್ಷಣ ನಾನು ಕೂತಲ್ಲೇ ಒಂದು ಅಡಿ ಎತ್ತರವಾದೆ.

ಡಾಕ್ಟರಮ್ಮ ಕಾಗದದ ಮೇಲೆ ಬರೆದು ತಲೆ ಎತ್ತಿದಳು. "ಒಳ್ಳೇದಾಯ್ತು ಅಮ್ಮ. ನಿಮ್ಮ ಕಿವಿ ಚೆನ್ನಾಗೇ ಇದೆ. ಹನ್ನೆರಡು ದಾಟಿದ್ರೆ ವಿಮೆಯವರು ಮಿಷನ್ ಕೊಡಲ್ಲ." ಕಾಗದದ ಮೇಲೆ ಠಸ್ಸೆ ಬಿತ್ತು: ಅರ್ಹರಲ್ಲ.

"ನಂಗೆ ಕೇಳಿಸಲ್ಲಮ್ಮ!" ಅಂದೆ.

"ಈಗ ನಾನು ಹೇಳಿದ್ದಕ್ಕೆಲ್ಲ ಉತ್ತರ ಕೊಡ್ತಿದ್ದೀರಲ್ಲ ಅಮ್ಮ?" ಅಂದಳು. ಹಿಂದಿನವರು ಆಗಲೇ ಒಳಗೆ ಬಂದಿದ್ದರು.

ಹದಿನೇಳು ದಿನ ಅಲೆದು, ಒಂಬತ್ತು ಹೆಸರು ಸವೆಸಿ, ನನ್ನ ಕಾಗದಕ್ಕೆ ನಾನೇ ಠಸ್ಸೆ ಒತ್ತಿಸಿಕೊಂಡು ಬಂದೆ. ಮೂರು ನಿಮಿಷದಲ್ಲಿ ಒಬ್ಬ ಹೆಂಗಸಿನ ಹತ್ತೊಂಬತ್ತು ವರ್ಷ ಅಳೆಯುವ ಆ ಕಾಗದ ಬರೆದವನು ಒಂದು ದಿನ, ಒಂದೇ ದಿನ ನಮ್ಮ ಷೆಡ್ಡಿನಲ್ಲಿ ನಿಲ್ಲಲಿ. ಆಮೇಲೆ ಅವನನ್ನು ಇಪ್ಪತ್ತು ಪದ ಕೇಳುತ್ತೇನೆ.

ನಮ್ಮವರು ಚಹಾ ಮಾಡಿ ಪಕ್ಕದಲ್ಲಿಟ್ಟು ಹೋದರು.

ಮಾರ್ಚ್ 21, ಶುಕ್ರವಾರ

ಎದುರಿನವಳು ಬೆಳಗ್ಗೆಯಿಂದ ನನ್ನನ್ನೇ ನೋಡುತ್ತಿದ್ದಳು. ಕೊನೆಗೆ ತನ್ನ ಕಿವಿ ಮುಟ್ಟಿ ಅಂಗೈ ತಿರುಗಿಸಿದಳು: ಏನಾಯ್ತು?

ಅವಳಿಗೆ ಹೇಳಬಾರದು ಅಂತ ಎಂಟು ದಿನದಿಂದ ಹಲ್ಲು ಕಚ್ಚಿದ್ದೆ. ಆದರೆ ಹತ್ತೊಂಬತ್ತು ಅನ್ನುವುದನ್ನು ಅವಳ ಮುಖಕ್ಕೆ ಎಸೆಯದೆ ಇರಲಾಗಲಿಲ್ಲ. ತುಟಿಯಲ್ಲೇ ಹೇಳಿದೆ: "ಇಪ್ಪತ್ತಕ್ಕೆ ಹತ್ತೊಂಬತ್ತು. ಮಿಷನ್ ಇಲ್ಲ ಅಂದ್ರು."

ಅವಳು ಎಣ್ಣೆ ಡ್ರಮ್ಮು ಹಿಡಿದುಕೊಂಡು ನಗತೊಡಗಿದಳು. ಕಣ್ಣಲ್ಲಿ ನೀರು ಬರುವಷ್ಟು. ನನ್ನ ಕೈಯಲ್ಲಿ ಮುಚ್ಚಳದ ಬದಲು ಕಲ್ಲಿದ್ದರೆ ಎಸೆದುಬಿಡುತ್ತಿದ್ದೆ.

ಬಿಡುವಿನಲ್ಲಿ ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಹೋದಳು.

"ಆ ಡಾಕ್ಟರು ಬಾಯಿ ಮುಚ್ಕೊಂಡು ಓದಿದ್ಲಾ?"

"ಬಾಯಿ ಮುಚ್ಕೊಂಡು ಯಾರಾದ್ರೂ ಓದ್ತಾರೇನೇ?"

"ನಂಗೆ ಓದಿದ್ರು. ಬಾಯಿಗೆ ಅಡ್ಡ ಒಂದು ರಟ್ಟು ಹಿಡ್ಕೊಂಡು. ಅದಕ್ಕೇ ಏಳು ಬಂದಿದ್ದು. ಇಲ್ಲಾಂದ್ರೆ ನಂಗೂ ಇಪ್ಪತ್ತಕ್ಕೆ ಇಪ್ಪತ್ತು. ನೀನು ಕೇಳಿಸ್ಕೊಂಡಿಲ್ಲ ಕಣೇ ಪೆದ್ದಿ. ನೋಡ್ಕೊಂಡಿದ್ದೀಯ."

"ಸುಳ್ಳು. ಸ್ವಲ್ಪ ಕೇಳಿಸಿತು."

ಅವಳು ಬೆನ್ನು ತಿರುಗಿಸಿ ಗೋಡೆ ಕಡೆ ನಿಂತಳು. ಭುಜ ಅಲ್ಲಾಡಿತು, ಅಷ್ಟೇ. ತಿರುಗಿದಳು. "ಈಗ ಏನಂದೆ ಹೇಳು?"

ನನಗೆ ಒಂದಕ್ಷರ ಗೊತ್ತಿಲ್ಲ. "ಏನಂದೆ?"

"ಬೈದೆ. ಚೆನ್ನಾಗಿ ಬೈದೆ. ಎಂಟು ದಿನದಿಂದ ಮುಖ ತಿರುಗಿಸ್ಕೊಂಡು ನಿಂತಿದ್ದೀಯಲ್ಲ, ಅದಕ್ಕೆ."

ಆಗ ನಾನೂ ಬೈದೆ. ಮೇಸ್ತ್ರಿಗೆ ಚಾಡಿ ಹೇಳಿದೆಯಲ್ಲ ಅಂದೆ. ನಾನು ಕಣ್ಣಾರೆ ನೋಡಿದೆ ಅಂದೆ.

"ಅರ್ಧ ನೋಡಿದ್ದೀಯ. ಎಂಟನೇ ಮಿಷನ್ನಿನವಳಿಗೆ ಏನೂ ಕೇಳಿಸಲ್ಲ, ನಂಗೂ ಕೇಳಿಸ್ತಿರಲಿಲ್ಲ, ಈ ಷೆಡ್ಡಲ್ಲಿ ಯಾರಿಗೆ ಕೇಳಿಸತ್ತೆ, ಕಾರ್ಡಿನವರಿಗೆಲ್ಲ ಮಿಷನ್ ಸಿಗೋ ತನಕ ಪರೀಕ್ಷೆ ಮುಂದಕ್ಕೆ ಹಾಕಿ ಅಂತ ಕೇಳಿದೆ. ಆಗಲ್ಲ ಅಂದ. ನಿಂಗೆ ಹೇಳೋಣ ಅಂದ್ರೆ ನೀನು ಈ ಕಡೆ ನೋಡಿದ್ರೆ ತಾನೆ?"

ನಾನು ನೆಲ ನೋಡಿದೆ. ನೆಲ ನೋಡಿದರೆ ಅವಳು ಏನು ಹೇಳಿದರೂ ನನಗೆ ತಿಳಿಯುವುದಿಲ್ಲ. ಅದಕ್ಕೇ ಗಲ್ಲ ಹಿಡಿದು ಮುಖ ಎತ್ತಿದಳು.

"ಅವತ್ತು ಪಾಯಿಖಾನೇಲಿ ಹಾಕ್ಕೊಂಡ್ಯಲ್ಲ, ಹೇಗಿತ್ತು?"

ಗೊತ್ತಿತ್ತು ಅವಳಿಗೆ. ಎಡದ್ದನ್ನು ಬಲದ ಜಾಗದಲ್ಲಿ ಇಟ್ಟಿದ್ದೆನಂತೆ.

"ಚೆನ್ನಾಗಿತ್ತು," ಅಂದೆ. ಇನ್ನೇನು ಹೇಳಲಿ? ನಿನ್ನ ದನಿ ಮುದಿಯಾಗಿದೆ ಅಂತ ಹೇಳಲೇ?

ಮಾರ್ಚ್ 25, ಮಂಗಳವಾರ

ಎದುರಿನವಳು ಅರ್ಧ ದಿನದ ಕೂಲಿ ಬಿಟ್ಟು ನನ್ನ ಜೊತೆ ಬಂದಳು. ಬೇಡ ಅಂದೆ. ಕೇಳಲಿಲ್ಲ. ಬೇಕಾದಾಗ ಕೇಳಿಸದಿರುವುದು ಯಂತ್ರ ಹಾಕಿಕೊಂಡವರಿಗೆ ಸಿಗುವ ಇನ್ನೊಂದು ಸೌಲಭ್ಯ.

ಡಾಕ್ಟರಮ್ಮನ ಮೇಜಿನ ಮೇಲೆ ಕೈಯೂರಿ, "ನೋಡಮ್ಮ, ಇವಳು ಕಳ್ಳಿ. ನಿನ್ನ ಬಾಯಿಂದ ಕದ್ದು ಉತ್ತರ ಹೇಳಿದ್ದಾಳೆ. ಆ ಫೈಲು ಅಡ್ಡ ಹಿಡ್ಕೊಂಡು ಇನ್ನೊಂದ್ಸಲ ಕೇಳು," ಅಂದಳು.

ಡಾಕ್ಟರಮ್ಮ ನಮ್ಮಿಬ್ಬರನ್ನೂ ನೋಡಿದಳು. ಫೈಲು ಎತ್ತಿ ಬಾಯಿಗೆ ಅಡ್ಡ ಹಿಡಿದಳು.

ಮೇಲೆ ಎರಡು ಕಣ್ಣು, ಕೆಳಗೆ ಒಂದು ಹಳದಿ ರಟ್ಟು. ಕಾದೆ. ಏನೂ ಬರಲಿಲ್ಲ. ಇನ್ನೂ ಶುರು ಮಾಡಿಲ್ಲ ಅಂದುಕೊಂಡೆ. ಆದರೆ ಅವಳ ಬೆರಳು ಪಟ್ಟಿಯ ಮೇಲೆ ಕೆಳಕೆಳಗೆ ಜಾರುತ್ತಿತ್ತು. ಎರಡು, ಮೂರು, ನಾಲ್ಕು. ನನ್ನ ಮುಂದೆ ಪದಗಳು ಹೋಗುತ್ತಿದ್ದವು, ನಾನು ಕಲ್ಲಿನ ಹಾಗೆ ಕೂತಿದ್ದೆ. ಆಗ ಭಯವಾಯಿತು. ಇಷ್ಟು ವರ್ಷ ನನಗೆ ಸ್ವಲ್ಪ ಕೇಳಿಸುತ್ತದೆ ಅಂದುಕೊಂಡೇ ಬದುಕಿದ್ದೆ. ಆ ಸ್ವಲ್ಪವೂ ಕಣ್ಣಿನದೇ.

ಊಹಿಸಿ ಹೇಳಿದ್ದೂ ಸೇರಿ ಇಪ್ಪತ್ತಕ್ಕೆ ನಾಲ್ಕು.

ಡಾಕ್ಟರಮ್ಮ ಫೈಲು ಕೆಳಗಿಟ್ಟು, ನನಗೆ ಕಾಣುವ ಹಾಗೆ ಮುಖ ಇಟ್ಟುಕೊಂಡು ಹೇಳಿದಳು. "ತಪ್ಪು ನಂದು ಅಮ್ಮ. ಬಾಯಿ ಮುಚ್ಚಿಕೊಂಡೇ ಕೇಳಬೇಕು. ದಿನಕ್ಕೆ ಅರವತ್ತು ಜನ, ಮರೆತೇಬಿಟ್ಟಿದ್ದೆ." ಹಳೆಯ ಕಾಗದ ಹರಿದಳು. ಪೆಟ್ಟಿಗೆ ಕೋಣೆಯಲ್ಲಿ ಕೂರಿಸಿ ಅಳೆದಳು. ಕಾರಣ ಅನ್ನುವ ಜಾಗದಲ್ಲಿ ನಾನು ನೋಡುತ್ತಿದ್ದ ಹಾಗೇ ಬರೆದಳು: ಕೆಲಸದ ಸ್ಥಳದ ಸದ್ದು. "ನಿಮ್ಮ ಷೆಡ್ಡಲ್ಲಿ ಎಷ್ಟು ಜನ?"

"ಇಪ್ಪತ್ತೆರಡು."

"ಎಲ್ಲರನ್ನೂ ಕಳಿಸಿ. ನಾನು ಬರೀತೀನಿ."

ಆದರೆ ಯಂತ್ರ ಬರಲು ಆರು ವಾರ ಬೇಕು. ಗಂಟೆಗೆ ಉಳಿದಿರುವುದು ಆರು ದಿನ. ಕಚೇರಿಗೆ ಕಾಗದ ತೋರಿಸಿದರೆ, ಕಾಗದಕ್ಕೆ ಗಂಟೆ ಕೇಳಿಸುತ್ತಾ ಅಂತ ಕೇಳುತ್ತಾರೆ.

ಮೆಟ್ಟಿಲಿಳಿಯುವಾಗ ಅವಳು, "ಆ ದಿನಕ್ಕೆ ನನ್ನ ಒಂದು ಕಿವಿ ನಿಂಗೆ ಕೊಡ್ತೀನಿ. ಎಡದ್ದು ನೀನು, ಬಲದ್ದು ನಾನು," ಅಂದಳು.

"ನಿನ್ನ ಭಿಕ್ಷೆ ನಂಗೆ ಬೇಡ."

"ಭಿಕ್ಷೆ ಬೇಡ, ಕದ್ರೆ ಪರವಾಗಿಲ್ಲ ಅಲ್ವಾ?" ಅಂದಳು. ಸೈಕಲ್ ಅಂಗಡಿಯವನು ತಿರುಗಿ ನೋಡುವಷ್ಟು ನಕ್ಕೆವು. ಆಮೇಲೆ ಹೇಳಿದಳು, "ನಾಲ್ಕು ಅಂತೆ! ನಂಗೆ ಏಳು."

ಅದರಲ್ಲೂ ಅವಳದೇ ಮೇಲುಗೈ.

ಮಾರ್ಚ್ 28, ಶುಕ್ರವಾರ

ಡಾಕ್ಟರಮ್ಮನ ವಿಳಾಸವನ್ನು ಷೆಡ್ಡಿನ ಎಲ್ಲರಿಗೂ ಬರೆದು ಕೊಟ್ಟೆವು. ಎದುರಿನವಳು ಹೇಳಿದಳು, ನಾನು ಬರೆದೆ. ಒಂಬತ್ತು ಹೆಸರಿನ ಪಟ್ಟಿಯನ್ನು ಹರಿದು ಒಂದೇ ಹೆಸರಿನ ಪಟ್ಟಿ ಮಾಡಿದೆ. ಇದೇ ಹೊಸ ಪಟ್ಟಿ.

ಮಾರ್ಚ್ 31, ಸೋಮವಾರ

ಮಧ್ಯಾಹ್ನ ಮೂರಕ್ಕೆ ಯಂತ್ರಗಳನ್ನೆಲ್ಲ ನಿಲ್ಲಿಸಿದರು. ಇದನ್ನು ಗಮನಿಸಬೇಕು: ಯಂತ್ರ ನಿಲ್ಲಿಸಿ ಗಂಟೆ ಬಾರಿಸುತ್ತಾರೆ. ಓಡುವಾಗ ಬಾರಿಸಿದರೆ ಅವರಪ್ಪನಿಗೂ ಕೇಳಿಸದು. ತೋಳು ಪಟ್ಟಿಗೆ ಸಿಗುವುದು ಯಂತ್ರ ನಿಂತಾಗಲೋ ಓಡುವಾಗಲೋ?

ಎಲ್ಲರೂ ಅವರವರ ಯಂತ್ರದ ಮುಂದೆ ನಿಲ್ಲಬೇಕು. ಸುರಕ್ಷತೆಯ ಅಧಿಕಾರಿ ಕಾಗದ ಹಿಡಿದಿದ್ದ. ಮೇಸ್ತ್ರಿ ಒಬ್ಬೊಬ್ಬರ ಬೆನ್ನ ಹಿಂದೆ ಹೋಗಿ ಕೈಗಂಟೆ ಬಾರಿಸಬೇಕು, ಕೇಳಿಸಿದವರು ಕೈ ಎತ್ತಬೇಕು.

ಒಂದರಿಂದ ಆರರವರೆಗೆ ಆಯಿತು. ನಾಲ್ವರು ಕೈ ಎತ್ತಿದರು. ಇಬ್ಬರು ಎತ್ತಲಿಲ್ಲ. ಆ ಇಬ್ಬರ ಹೆಸರು ಕಾಗದದ ಮೇಲೆ ಹೋಯಿತು. ಒಬ್ಬಳು ಅಲ್ಲೇ ಕೂತುಬಿಟ್ಟಳು.

ಏಳು. ಎದುರಿನವಳು. ಬೆಳಗ್ಗೆಯೂ ಒಂದು ಯಂತ್ರ ಚಾಚಿದ್ದಳು, ನಾನು ತಗೊಳ್ಳಲಿಲ್ಲ. ಎರಡೂ ಕಿವಿಯಲ್ಲಿ ಯಂತ್ರ, ಕೂದಲು ಎತ್ತಿ ಕಟ್ಟಿದ್ದಾಳೆ. ಅವಳ ಮುಖ ನನ್ನ ಕಡೆ. ಅವಳ ಬೆನ್ನ ಹಿಂದೆ ಮೇಸ್ತ್ರಿಯ ಕೈ ಅಲ್ಲಾಡುವುದು ಕಂಡಿತು. ಅದೇ ಕ್ಷಣ ಅವಳ ರೆಪ್ಪೆ ಅದುರಿತು. ಬೇರೆ ಯಾರಿಗೂ ಕಂಡಿರಲಾರದು. ಹತ್ತೊಂಬತ್ತು ವರ್ಷ ಆ ಮುಖವನ್ನೇ ಓದಿದವಳು ನಾನು. ಗಂಟೆ ಅವಳಿಗೆ ಕೇಳಿಸಿತು. ಗರಗಸದ ಹಾಗೆ ಕೇಳಿಸಿತು.

ಅವಳು ಕೈ ಎತ್ತಲಿಲ್ಲ.

ಮೇಸ್ತ್ರಿ ಇನ್ನೊಂದು ಸಲ ಬಾರಿಸಿದ. ರೆಪ್ಪೆ ಅದುರಿತು. ಕೈ ಕೆಳಗೇ.

ಅಧಿಕಾರಿ ಅವಳ ಮುಂದೆ ಬಂದ. "ಮಿಷನ್ ಹಾಕ್ಕೊಂಡಿದ್ಯಲ್ಲಮ್ಮ, ಕೇಳಿಸಲಿಲ್ವಾ?"

"ಆಂ? ಏನಂದ್ರಿ?" ಅಂದಳು.

ಷೆಡ್ಡಿನಲ್ಲಿ ಇಪ್ಪತ್ತೊಂದು ಜೋಡಿ ಕಣ್ಣು ಒಂದೇ ಸಲ ಆ ಕಡೆ ತಿರುಗಿದವು. ಯಾರೂ ತುಟಿ ಆಡಿಸಲಿಲ್ಲ. ಅಗತ್ಯವೂ ಇರಲಿಲ್ಲ.

ಎಂಟು, ನಾನು. ನನ್ನ ಬೆನ್ನ ಹಿಂದೆ ಏನಾಯಿತೋ ನನಗೆ ಗೊತ್ತಿಲ್ಲ. ಕೈ ಎತ್ತಲಿಲ್ಲ. ಒಂಬತ್ತು, ಇಲ್ಲ. ಹತ್ತು, ಇಲ್ಲ. ಹದಿನಾಲ್ಕರವಳು ಕೆಲಸಕ್ಕೆ ಸೇರಿ ಎಂಟು ತಿಂಗಳು, ಬೆಕ್ಕಿನ ಕಿವಿ ಅವಳದು. ಕೈ ಕಟ್ಟಿಕೊಂಡು ಸೂರು ನೋಡುತ್ತಾ ನಿಂತಳು. ಇಪ್ಪತ್ತೆರಡರವರೆಗೂ ಒಂದು ಕೈ ಮೇಲೆ ಹೋಗಲಿಲ್ಲ. ಆಮೇಲೆ ಮೊದಲು ಕೈ ಎತ್ತಿದ್ದ ನಾಲ್ವರೂ ಮುಂದೆ ಬಂದರು. "ನಮ್ದು ಇನ್ನೊಂದ್ಸಲ ನೋಡಿ ಸಾರ್. ಆಗ ತಪ್ಪಿ ಎತ್ತಿದ್ವಿ."

ಮೇಸ್ತ್ರಿ ಗಂಟೆಯನ್ನು ತನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದ, ಕೆಟ್ಟಿದೆಯೋ ಅಂತ. ಅವನೂ ನಮ್ಮ ಜೊತೆ ಹತ್ತೊಂಬತ್ತು ವರ್ಷ ಇದೇ ಷೆಡ್ಡಿನಲ್ಲಿ ಇದ್ದವನು. ಇನ್ನೂ ಜೋರಾಗಿ ಅಲ್ಲಾಡಿಸಿದ. ಅವನ ಮುಖ ನೋಡಿದೆ. ಪಾಪ, ಅವನ ರೆಪ್ಪೆಯೂ ಅದುರಲಿಲ್ಲ.

ಇಪ್ಪತ್ತೆರಡು ಪೊರಕೆ ಎಲ್ಲಿಂದ ತರುತ್ತಾನೆ ಅಧಿಕಾರಿ? ಕಾಗದ ಮಡಚಿಕೊಂಡು ಹೋದ.

ಏಪ್ರಿಲ್ 1, ಮಂಗಳವಾರ

ಗೋಡೆಯ ಮೇಲೆ ನೋಟಿಸು ಇಲ್ಲ. ಮೊಳೆ ಮಾತ್ರ ಇದೆ. ಎದುರಿನವಳು ಡಾಕ್ಟರಮ್ಮನ ವಿಳಾಸದ ಚೀಟಿಯನ್ನು ಅದೇ ಮೊಳೆಗೆ ಸಿಕ್ಕಿಸಿದಳು. ಸಂಜೆಯವರೆಗೂ ಯಾರೂ ತೆಗೆಯಲಿಲ್ಲ. ಮೇಸ್ತ್ರಿ ಅದರ ಮುಂದೆ ಎರಡು ಸಲ ನಿಂತು ಹೋದ.

ಹೊಟ್ಟೆಕಿಚ್ಚು ಹೋಗಿಲ್ಲ. ನಿನ್ನೆಯಿಂದ ಇನ್ನೂ ಜಾಸ್ತಿಯಾಗಿದೆ. ನನಗೆ ಗಂಟೆ ಕೇಳಿಸಲಿಲ್ಲ, ಅದಕ್ಕೆ ಕೈ ಎತ್ತಲಿಲ್ಲ. ಅದರಲ್ಲಿ ನನ್ನದೇನು ದೊಡ್ಡಸ್ತಿಕೆ? ಅವಳಿಗೆ ಕೇಳಿಸಿತು.

ಆರು ವಾರ ಬೇಗ ಕಳೆಯಲಿ. ಅವರು ಇನ್ನೊಂದು ಗಂಟೆ ತಂದೇ ತರುತ್ತಾರೆ. ಆ ಸಲ ನನಗೂ ಕೇಳಿಸಬೇಕು. ಕೇಳಿಸಿಯೂ ನಾನು ಕೈ ಎತ್ತಬಾರದು.